ನಾನೂರು ಹೆಜ್ಜೆ

ಗ್ಲೋಗಾವ್, 28 ಜುಲೈ 1870, ಗುರುವಾರ, ಬೆಳಿಗ್ಗೆ 9 ಗಂಟೆ

ಪ್ರಿಯ ರೀಟ್ಸ್,

ನಿನ್ನೆ ನಿಮ್ಮ ರೈಲು ಹೋದ ಮೇಲೆ ನಿಲ್ದಾಣದಲ್ಲಿ ಇಬ್ಬರೇ ಉಳಿದೆವು. ಬ್ಯಾಂಡಿನ ದೊಡ್ಡ ಡೋಲು ಹೊರಲಾರದೆ ಕೂತಿದ್ದ ಮುದುಕ ಒಬ್ಬ, ಮೊಣಕಾಲು ಮಡಿಸಲಾರದೆ ನಿಂತಿದ್ದ ನಾನು ಇನ್ನೊಬ್ಬ. ಮನೆಗೆ ಬಂದರೆ ಫ್ರಾವ್ ನೀಕಿಷ್ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹದಿನಾರು ವರ್ಷದಿಂದ ನನ್ನ ಅಡುಗೆ ಮಾಡುವವಳು, ನಿನಗೆ ಗೊತ್ತಲ್ಲ, ಬಾಯಿಗೆ ಬೀಗವಿಲ್ಲ.

"ಮಗನ್ನ ಕಳಿಸೋಕೆ ಹೋಗಿದ್ರಾ, ಪುಸ್ತಕಾನ ಕಳಿಸೋಕೆ ಹೋಗಿದ್ರಾ ಮೇಜರ್ರೇ? ಪುಸ್ತಕದ ಕಟ್ಟು ಎದೆಗವಚ್ಕೊಂಡು ಓಡಿದ್ರಿ. ಹುಡುಗನ ತಿಂಡಿ ಗಂಟು ಇಲ್ಲೇ ಬಿದ್ದಿದೆ!"

ನಿಜ. ನನ್ನ 'ಕಾಲಾಳು ದಾಳಿಯ ಕ್ರಮ'ದ ಇಪ್ಪತ್ತೆರಡು ಪ್ರತಿ ಬೆಟಾಲಿಯನ್ನಿನ ಅಧಿಕಾರಿಗಳಿಗೆ ತಲುಪಿದವು. ಮಗ ಯೋಖೆನ್‌ನ ಗಸಗಸೆ ಕೇಕು ನನ್ನ ಮೇಜಿನ ಮೇಲಿದೆ. ನಾನೇ ತಿಂದು ಮುಗಿಸುತ್ತೇನೆ.

ಅವನು ನಿನ್ನ ಆರನೆಯ ಕಂಪನಿಯಲ್ಲಿ ಕೆಡೆಟ್. ಹದಿನೆಂಟು ತುಂಬಿ ಐದು ತಿಂಗಳು. ಅವನ ಮೇಲೆ ಒಂದು ಕಣ್ಣಿಡು ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀನು ಕೇಳಬಾರದು. ಅವನ ತಾಯಿ ಇದ್ದಿದ್ದರೆ ಹೇಳುತ್ತಿದ್ದಳು.

ಇವತ್ತು ಗುರುವಾರ. ಚಳಿಗಾಲದ ಗುರುವಾರಗಳಲ್ಲಿ ಅಧಿಕಾರಿಗಳ ಕೋಣೆಯಲ್ಲಿ ನಕ್ಷೆ ಹಾಸಿ ನಾವು ಆಡುತ್ತಿದ್ದ ಯುದ್ಧದಾಟ ನೆನಪಾಗುತ್ತಿದೆ. ನೀಲಿ ಬಿಲ್ಲೆ ನಮ್ಮದು, ಕೆಂಪು ಬಿಲ್ಲೆ ಫ್ರೆಂಚರದು, ಕೈಯಲ್ಲಿ ದಾಳ ಮತ್ತು ನಷ್ಟದ ಕೋಷ್ಟಕ ಹಿಡಿದ ತೀರ್ಪುಗಾರ ನಾನು. ನೀನು ಎಷ್ಟು ಸಲ ಕೆಂಪಿನ ಕಡೆ ಕೂತೆಯೋ ಅಷ್ಟು ಸಲ ಸೋತೆ. ಪ್ರತಿ ಸಲವೂ ಮೂವತ್ತನಾಲ್ಕನೆಯ ನಿಯಮವೇ ನಿನ್ನನ್ನು ಸೋಲಿಸಿದ್ದು: ಕಂಪನಿ ಒತ್ತಾಗಿ, ಭುಜಕ್ಕೆ ಭುಜ ತಾಗಿಸಿ ನಡೆಯಬೇಕು, ಶತ್ರುವಿಗೆ ನಾನೂರು ಹೆಜ್ಜೆ ಉಳಿಯುವ ತನಕ ಒಂದು ಗುಂಡನ್ನೂ ಹಾರಿಸಬಾರದು. ಅದನ್ನು ಮರೆಯಬೇಡ.

ಪತ್ರ ಬರೆಯುವಾಗ ತಾರೀಖು, ಗಂಟೆ ಹಾಕು. ಮೂವತ್ತು ವರ್ಷ ನಾನು ಹೇಳಿಕೊಟ್ಟ ಮೊದಲ ಪಾಠ ಅದೇ. ಯಾವಾಗ ಬರೆದದ್ದು ಎಂದು ತಿಳಿಯದ ವರದಿ ವರದಿಯೇ ಅಲ್ಲ.

ನಿನ್ನ ಹಳೆಯ ಗುರು,
ಹ್ಯೂಗೋಲ್ಡ್ ಫಾನ್ ಟೆಟ್ಟೆನ್, ನಿವೃತ್ತ ಮೇಜರ್

*

ಲಾಂಡಾವ್ ಬಳಿಯ ಬಿಡಾರ, 2 ಆಗಸ್ಟ್ 1870, ಸಂಜೆ 6 ಗಂಟೆ

ಮಾನ್ಯ ಮೇಜರ್ ಅವರೇ,

ತಾರೀಖು, ಗಂಟೆ ಎರಡನ್ನೂ ಮೇಲೆ ಹಾಕಿದ್ದೇನೆ.

ನಾವು ಗಡಿಗೆ ಒಂದು ದಿನದ ನಡಿಗೆಯಷ್ಟು ದೂರದಲ್ಲಿದ್ದೇವೆ. ದಿನವಿಡೀ ಸೆಕೆ, ಸಂಜೆಗೆ ಗುಡುಗು. ಜನ ದ್ರಾಕ್ಷಿ ತೋಟದ ಗೋಡೆಗೆ ಒರಗಿ ಮಲಗುತ್ತಾರೆ.

ನಮ್ಮ ಬೆಟಾಲಿಯನ್ನಿನ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಫಾನ್ ಹಾಲ್ಬಾಖ್ ತಾವು ಬರೆದ ಪುಸ್ತಕವನ್ನು ಎಡ ಜೇಬಿನಲ್ಲೂ ಬೈಬಲನ್ನು ಬಲ ಜೇಬಿನಲ್ಲೂ ಇಟ್ಟುಕೊಂಡಿದ್ದಾರೆ. ಊಟದ ನಡುವೆ ಎಡ ಜೇಬಿಗೇ ಹೆಚ್ಚು ಕೈ ಹೋಗುತ್ತದೆ. "ರೀಟ್ಸ್! ಮೂವತ್ನಾಲ್ಕು!" ಎಂದು ಕೂಗುತ್ತಾರೆ. ನಾನು ಎದ್ದು ನಿಂತು ಬಾಯಿಪಾಠ ಒಪ್ಪಿಸಬೇಕು. ಒಂದು ಪದ ತಪ್ಪಿದರೂ "ಕೂತ್ಕೋಬೇಡಿ, ಮತ್ತೆ ಹೇಳಿ" ಎನ್ನುತ್ತಾರೆ. ಅಷ್ಟರಲ್ಲಿ ಸೂಪು ಆರಿಹೋಗಿರುತ್ತದೆ.

ಯೋಖೆನ್ ಚೆನ್ನಾಗಿದ್ದಾನೆ. ಅವನ ಜೊತೆಯವರು ಅವನಿಗೆ 'ಮೂವತ್ನಾಲ್ಕು' ಎಂದೇ ಹೆಸರಿಟ್ಟಿದ್ದಾರೆ. ಮೊನ್ನೆ ನಡಿಗೆಯಲ್ಲಿ ಒಬ್ಬ ಕುಂಟುತ್ತ ಕೇಳಿದ, "ಲೋ ಮೂವತ್ನಾಲ್ಕು, ಬೂಟು ಕಚ್ಚಿದ್ರೆ ಏನ್ ಮಾಡ್ಬೇಕು ಅಂತ ನಿಮ್ಮಪ್ಪ ಬರ್ದಿಲ್ವೇನೋ?" ಯೋಖೆನ್ ಮುಖ ಬಿಗಿದುಕೊಂಡು, "ಬರ್ದಿದಾರೆ. ನಾನೂರು ಹೆಜ್ಜೆ ಆದ್ಮೇಲೆ ಕಚ್ಚಬೇಕು, ಅದಕ್ ಮುಂಚೆ ಕಚ್ಚಬಾರ್ದು" ಎಂದ. ಇಡೀ ಸಾಲು ನಕ್ಕಿತು. ನಮ್ಮ ಸಾರ್ಜೆಂಟ್ ಮೇಜರ್ ಕುಬಿಟ್ಸ್ ಕೂಡ ನಕ್ಕ. ಅವನು ನಕ್ಕಿದ್ದನ್ನು ನಾನು ಒಂಬತ್ತು ವರ್ಷದಲ್ಲಿ ಕಂಡಿರಲಿಲ್ಲ.

ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಹೋದ ಜನವರಿಯ ಆಟದಲ್ಲಿ, ಕೆಂಪು ಪಡೆಯ ನಷ್ಟದ ಲೆಕ್ಕಕ್ಕೂ ಗುಂಡಿನ ಲೆಕ್ಕಕ್ಕೂ ನಮ್ಮ ಸೂಜಿ ಬಂದೂಕಿನ ಕೋಷ್ಟಕವನ್ನೇ ಬಳಸುತ್ತೀರಲ್ಲ, ಅವರ ಶಾಸ್ಪೋ ಬಂದೂಕು ನಮ್ಮದರ ಎರಡರಷ್ಟು ದೂರ ಹೊಡೆಯುತ್ತದಂತಲ್ಲ ಎಂದು ಕೇಳಿದ್ದೆ. ತಾವು, "ಫ್ರೆಂಚರ ಬಂದೂಕು ಉದ್ದ ಇರ್ಬಹುದು ರೀಟ್ಸ್, ಕಣ್ಣು ನಮ್ಮಷ್ಟೇ ಉದ್ದ" ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇಲ್ಲಿ ಬಂದ ಮೇಲೆ ಆ ನಗು ಯಾಕೋ ಹಿಡಿಸುತ್ತಿಲ್ಲ. ಇರಲಿ.

ತಮ್ಮ ವಿಧೇಯ,
ಆನ್ಸೆಲ್ಮ್ ರೀಟ್ಸ್

*

ಆಲ್ಸೇಸ್, ಒಂದು ಹಳ್ಳಿಯ ಶಾಲೆ, 8 ಆಗಸ್ಟ್ 1870, ಮಧ್ಯಾಹ್ನ 2 ಗಂಟೆ

ಮಾನ್ಯ ಮೇಜರ್ ಅವರೇ,

ನಾವು ಗೆದ್ದೆವು. ಪತ್ರಿಕೆಯಲ್ಲಿ ಓದಿರುತ್ತೀರಿ. ಪತ್ರಿಕೆಯಲ್ಲಿ ಬರದಿರುವುದನ್ನು ತಾವು ಕಲಿಸಿದ ಹಾಗೆಯೇ, ಸಂಖ್ಯೆಗಳಲ್ಲಿ ಬರೆಯುತ್ತೇನೆ.

ಆರನೆಯ ತಾರೀಖು ಮಧ್ಯಾಹ್ನ ಒಂದೂವರೆಗೆ ನಮ್ಮ ಬೆಟಾಲಿಯನ್ ಹಳ್ಳ ದಾಟಿ ಬೆಟ್ಟದತ್ತ ಹೊರಟಿತು. ಫ್ರೆಂಚರು ಮೇಲೆ, ದ್ರಾಕ್ಷಿ ತೋಟದ ಗೋಡೆಯ ಹಿಂದೆ. ನನ್ನ ಕಂಪನಿಯಲ್ಲಿ 214 ಜನ. ಮೂವತ್ತನಾಲ್ಕನೆಯ ನಿಯಮದ ಪ್ರಕಾರ ಒತ್ತಾಗಿ ನಡೆದೆವು. ಕುಬಿಟ್ಸ್ ಗಟ್ಟಿಯಾಗಿ ಹೆಜ್ಜೆ ಎಣಿಸುತ್ತಿದ್ದ.

ಮೊದಲನೆಯವನು ಬಿದ್ದದ್ದು ಸಾವಿರದ ನೂರು ಹೆಜ್ಜೆ ಇರುವಾಗ. ಯಾರೂ ನಂಬಲಿಲ್ಲ. ಕಾಲು ಜಾರಿತೆಂದುಕೊಂಡೆವು. ಒಂಬೈನೂರಕ್ಕೆ ಬರುವಾಗ ಇಪ್ಪತ್ತು ಜನ ಇರಲಿಲ್ಲ. ಒತ್ತಾಗಿ ನಡೆಯುತ್ತಿದ್ದೆವಾದ್ದರಿಂದ ಗುರಿ ತಪ್ಪಿದ ಗುಂಡೂ ಯಾರಿಗಾದರೂ ತಗಲುತ್ತಿತ್ತು. ನಮ್ಮ ಬಂದೂಕು ಅಷ್ಟು ದೂರ ಹೊಡೆಯುವುದಿಲ್ಲ, ಹೊಡೆಯುವಂತಿದ್ದರೂ ನಾನೂರರ ತನಕ ಹೊಡೆಯಬಾರದು. ಹಾಗಾಗಿ ಸುಮ್ಮನೆ ನಡೆದೆವು. ಬಿದ್ದವನ ಜಾಗಕ್ಕೆ ಹಿಂದಿನವನು ಬಂದು ಸಾಲು ಮತ್ತೆ ಬಿಗಿಯಾಗುತ್ತಿತ್ತು. ಕವಾಯತಿನಲ್ಲಿ ಕಲಿತದ್ದನ್ನು ಅವರು ಒಂದಿಷ್ಟೂ ಮರೆತಿರಲಿಲ್ಲ. ಅದೇ ನನಗೆ ಸಹಿಸಲಾಗದ್ದು.

ಆರುನೂರರಲ್ಲಿ ನಾನೇ ಎಲ್ಲರನ್ನೂ ಮಲಗಿಸಿದೆ. ನಿಯಮ ಮುರಿದೆ. ನಮ್ಮ ತೋಪುಗಳು ಬಂದು ಆ ಗೋಡೆಯನ್ನು ಒಡೆದ ಮೇಲೆ ಬೆಟ್ಟ ಹತ್ತಿದೆವು. ಸಂಜೆ ಹಾಜರಿ ಕರೆದಾಗ 117 ಜನ ಉತ್ತರ ಕೊಟ್ಟರು.

ಕರ್ನಲ್ ಹಾಲ್ಬಾಖ್ ಬೆಟ್ಟದ ಮೇಲೆ ನಿಂತು, "ನೋಡಿದ್ರಾ, ಮೂವತ್ನಾಲ್ಕು ಗೆಲ್ತು!" ಎಂದರು. ಮುಂದಿನ ಸಲವೂ ಹೀಗೇ, ಇನ್ನೂ ಬಿಗಿಯಾಗಿ ಎಂದಿದ್ದಾರೆ. ಮಲಗಿಸಿದ್ದಕ್ಕೆ ನನಗೆ ಛೀಮಾರಿ ಆಯಿತು.

ಮೇಜರ್ ಅವರೇ, ಆ ನಿಯಮ ತಪ್ಪು. ದಯವಿಟ್ಟು ಅದನ್ನು ಹಿಂತೆಗೆದುಕೊಳ್ಳಿ. ತಮ್ಮ ಕೈಯಿಂದಲೇ ಕರ್ನಲ್‌ಗೆ ಒಂದು ಪತ್ರ ಬರೆಯಿರಿ. ಬೇಗ ಬರೆಯಿರಿ.

ಯೋಖೆನ್ ಬಗ್ಗೆ ಬೇರೆ ಬರೆಯುತ್ತೇನೆ.

ರೀಟ್ಸ್

*

ಗ್ಲೋಗಾವ್, 12 ಆಗಸ್ಟ್ 1870, ಬೆಳಿಗ್ಗೆ 11 ಗಂಟೆ

ಪ್ರಿಯ ರೀಟ್ಸ್,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲ ಯುದ್ಧ ಮುಗಿಸಿ ಎರಡೇ ದಿನಕ್ಕೆ ಬರೆದ ಪತ್ರ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಓದಿದೆ. ಅರವತ್ತಾರರ ಯುದ್ಧದಲ್ಲಿ ಬೊಹೇಮಿಯಾದ ಕಾಡಿನಿಂದ ಹೊರಬಂದಾಗ ನಾನೂ ಇಂಥದೇ ಪತ್ರ ಬರೆದಿದ್ದೆ.

ಈಗ ನನ್ನ ಪ್ರಶ್ನೆಗಳು. ಕಂಪನಿ ಕಂಪನಿಗಳ ನಡುವೆ ಎಂಬತ್ತು ಹೆಜ್ಜೆ ಅಂತರ ಇತ್ತೇ? ನೀನು ಬರೆದಿಲ್ಲ. ಜನ ವೇಗದ ನಡಿಗೆಯಲ್ಲಿ ಹೋದರೇ, ಮಾಮೂಲಿ ನಡಿಗೆಯಲ್ಲೇ? ಬರೆದಿಲ್ಲ. ಹಳ್ಳ ದಾಟಿದ ಮೇಲೆ ಸಾಲು ಸರಿಪಡಿಸಲು ಎಷ್ಟು ನಿಮಿಷ ನಿಂತಿರಿ? ನಿಂತಿದ್ದರೆ ಗುಂಡಿಗೆ ಮೈಯೊಡ್ಡಿ ನಿಂತ ಹಾಗಾಯಿತು. ಆ ತಪ್ಪು ನಿಯಮದ್ದಲ್ಲ. ಸಾವಿರದ ನೂರು ಹೆಜ್ಜೆ ಎಂದು ಅಳೆದವರು ಯಾರು? ಕುಬಿಟ್ಸ್ ಎಣಿಸಿದ್ದೇ? ಅವನು ಒಳ್ಳೆಯ ಸಿಪಾಯಿ. ಆದರೆ ಹೆದರಿದವನ ಹೆಜ್ಜೆ ಗಿಡ್ಡವಾಗುತ್ತದೆ, ಎಣಿಕೆ ಉದ್ದವಾಗುತ್ತದೆ.

ಆರುನೂರರಲ್ಲಿ ಮಲಗಿಸಿದೆ ಎಂದೆ. ಇನ್ನು ಇನ್ನೂರು ಹೆಜ್ಜೆ ನಡೆಸಿದ್ದರೆ? ನೀನು ನಿಯಮವನ್ನು ಪರೀಕ್ಷಿಸಲೇ ಇಲ್ಲ ರೀಟ್ಸ್. ದಡ ಸೇರುವ ಮೊದಲೇ ದೋಣಿ ಬಿಟ್ಟವನು ದೋಣಿ ತೂತು ಎಂದರೆ ಯಾರು ಕೇಳುತ್ತಾರೆ? ಇಷ್ಟು ಆಧಾರದ ಮೇಲೆ ಮೂರನೆಯ ಮುದ್ರಣ ಕಂಡ ಪುಸ್ತಕದಿಂದ ಒಂದು ನಿಯಮ ಕೀಳಲು ನನ್ನಿಂದ ಆಗದು.

ಫ್ರಾವ್ ನೀಕಿಷ್ ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ, "ಹುಡುಗ ಕಾಗ್ದ ಬರ್ದ್ನಾ?" ಸೋಮಾರಿ, ಬರೆದಿಲ್ಲ. ಅವಳಿಗೆ ಸಮಾಧಾನ ಹೇಳಿದೆ: "ನೋಡಮ್ಮ, ಸತ್ತವನ ಮನೆಗೆ ಕಂಪನಿಯ ಕ್ಯಾಪ್ಟನ್ ಒಂದು ವಾರದೊಳಗೆ ತನ್ನ ಕೈಯಾರೆ ಪತ್ರ ಬರೀಬೇಕು. ನಮ್ಮ ಸೈನ್ಯದಲ್ಲಿ ಅದು ಯಾರೂ ತಪ್ಪಿಸದ ಕರ್ತವ್ಯ. ರೀಟ್ಸ್ ಬರ್ದಿರೋದು ಬರೀ ಯುದ್ಧದ ವಿಷ್ಯ. ಅಂದ್ಮೇಲೆ ಹುಡುಗ ಗಟ್ಟಿಯಾಗಿದಾನೆ." ಅವಳು, "ನಿಮ್ ಸೈನ್ಯದ ಕಾನೂನು ನಿಮಗೇ ಇರ್ಲಿ, ನನಗೆ ಅವನ ಅಕ್ಷರ ಬೇಕು" ಎಂದಳು. ಎರಡು ಸಾಲು ಗೀಚಲು ಹೇಳು.

ಟೆಟ್ಟೆನ್

*

ಮೋಸೆಲ್ ನದಿಯ ದಾರಿ, 15 ಆಗಸ್ಟ್ 1870, ಮಧ್ಯಾಹ್ನ 1 ಗಂಟೆ

ಮಾನ್ಯ ಮೇಜರ್ ಅವರೇ,

ತಮ್ಮ ಹನ್ನೆರಡರ ಪತ್ರ ಈಗ ಬಂತು. ಜನ ಊಟಕ್ಕೆ ಕೂತಿದ್ದಾರೆ. ನನಗೆ ಅರ್ಧ ಗಂಟೆ ಸಮಯವಿದೆ.

ಅಂತರ ಎಂಬತ್ತು ಹೆಜ್ಜೆ ಇತ್ತು. ವೇಗದ ನಡಿಗೆ. ಹಳ್ಳ ದಾಟಿದ ಮೇಲೆ ಎರಡು ನಿಮಿಷ ನಿಂತೆವು, ಏಕೆಂದರೆ ಇಪ್ಪತ್ತೊಂಬತ್ತನೆಯ ನಿಯಮ ಹಾಗೆ ಹೇಳುತ್ತದೆ. ದೂರವನ್ನು ಏಳರಂದು ಬೆಳಿಗ್ಗೆ ನಾನೇ ಹಗ್ಗ ಹಿಡಿದು ಅಳೆದೆ. ಬಿದ್ದವರು ಬಿದ್ದಲ್ಲೇ ಇದ್ದರು, ಆದ್ದರಿಂದ ಅಳತೆ ಕಷ್ಟವಾಗಲಿಲ್ಲ.

ಪಕ್ಕದ ಏಳನೆಯ ಕಂಪನಿ ಮಲಗಲಿಲ್ಲ. ನಿಯಮವನ್ನು ಕೊನೆಯ ತನಕ ಪರೀಕ್ಷಿಸಿತು. ನಾನೂರು ಹೆಜ್ಜೆ ಮುಟ್ಟಿದಾಗ ಗುಂಡು ಹಾರಿಸಿ ಎಂದು ಹೇಳಲು ಅದರಲ್ಲಿ ಒಬ್ಬ ಅಧಿಕಾರಿಯೂ ಉಳಿದಿರಲಿಲ್ಲ.

ನಿನ್ನೆ ಕರ್ನಲ್ ಬಳಿ ಮತ್ತೆ ಹೋದೆ. ನಡೆದ ಮಾತನ್ನು ಹಾಗೆಯೇ ಬರೆಯುತ್ತೇನೆ.

"ಮತ್ತೆ ಅದೇನಾ ರೀಟ್ಸ್?"

"ಮತ್ತೆ ಅದೇ ಕರ್ನಲ್ ಸಾಹೇಬ್ರೇ. ಚದುರಿಸಿ ನಡೆಸೋಕೆ ಅಪ್ಪಣೆ ಕೊಡಿ. ಮಲಗಿ, ಎದ್ದು, ಓಡಿ, ಮತ್ತೆ ಮಲಗಿ..."

"ಕಪ್ಪೆ ಥರ?"

"ಕಪ್ಪೆ ಥರಾನೇ. ಕಪ್ಪೆ ಬದುಕುತ್ತೆ."

"ನಿಮ್ಮ ಬುದ್ಧಿ ದೊಡ್ಡದೋ, ಟೆಟ್ಟೆನ್ ಅವರ ಬುದ್ಧಿ ದೊಡ್ಡದೋ? ಆ ಮನುಷ್ಯ ಮೂವತ್ತು ವರ್ಷ ಇದನ್ನೇ ಯೋಚ್ನೆ ಮಾಡಿದಾರೆ. ಅವ್ರೇ ತಪ್ಪು ಅಂತ ಕೈಯಾರೆ ಬರ್ದ್ರೆ ಆಗ ನೋಡೋಣ. ಅಲ್ಲೀತನಕ ಬಾಯ್ ಮುಚ್ಚಿ."

ತಾವೇ ಅವರ ಬೈಬಲ್ ಆಗಿದ್ದೀರಿ. ನನಗೆ ಹೋಗಲು ಬೇರೆ ಬಾಗಿಲಿಲ್ಲ.

ಒಂದೇ ಒಂದು ಬೇಡಿಕೆ. ನಕ್ಷೆ ಹಾಸಿ. ಆರನೆಯ ಕಂಪನಿಯ ಬಿಲ್ಲೆ ಇಡಿ. ಕೆಂಪಿನವರಿಗೆ ಅವರದೇ ಬಂದೂಕು ಕೊಡಿ. ದಾಳ ಹಾಕಿ. ಆಮೇಲೂ ನಾನು ತಪ್ಪು ಅನ್ನಿಸಿದರೆ ಇನ್ನು ಬರೆಯುವುದಿಲ್ಲ.

ಮುಂದಿನ ಯುದ್ಧ ವಾರದ ಮಾತೋ ಎರಡು ವಾರದ ಮಾತೋ ಗೊತ್ತಿಲ್ಲ. ನನ್ನ ಕಂಪನಿಗೆ ಬದಲಿ ಜನ ಬರುತ್ತಿದ್ದಾರೆ. ಅವರಿಗೂ ಭುಜಕ್ಕೆ ಭುಜ ತಾಗಿಸುವುದನ್ನೇ ಕಲಿಸುತ್ತಿದ್ದೇನೆ, ಅದೇ ಆಜ್ಞೆ. ಅವರು ಚೆನ್ನಾಗಿ ಕಲಿಯುತ್ತಿದ್ದಾರೆ. ನಾನು ಅವರ ಮುಖ ನೋಡುವುದನ್ನು ಬಿಟ್ಟಿದ್ದೇನೆ.

ರೀಟ್ಸ್

*

(ಯುದ್ಧಭೂಮಿಯ ಅಂಚೆ ಕಾರ್ಡು)

19 ಆಗಸ್ಟ್ 1870, ಬೆಳಿಗ್ಗೆ 7

ಮೂವತ್ತನಾಲ್ಕರ ವಿಷಯ. ಪಶ್ಚಿಮಕ್ಕೆ ಹೊರಟಿದ್ದೇವೆ. ಕಾರ್ಡು ಎಲ್ಲರೂ ಓದುತ್ತಾರೆ, ಆದ್ದರಿಂದ ಇಷ್ಟೇ: ಕಾಲು ಹಿಡಿಯುತ್ತೇನೆ.

ರೀ.

*

ಗ್ಲೋಗಾವ್, 18 ಆಗಸ್ಟ್ 1870, ಗುರುವಾರ, ಬೆಳಿಗ್ಗೆ 10 ಗಂಟೆ

ಪ್ರಿಯ ರೀಟ್ಸ್,

ನಿನ್ನ ಹದಿನೈದರ ಪತ್ರ ತಲುಪಿತು. ನೀನು ಹೇಳಿದಂತೆ ಮಾಡಿದೆ. ಕರ್ನಲ್ ಹಾಲ್ಬಾಖ್‌ಗೆ ಬರೆದ ಪತ್ರ ಈ ಕವರಿನಲ್ಲೇ ಇದೆ, ಮೊಹರು ಹಾಕಿಲ್ಲ. ನೀನು ಓದಿ ಅವರಿಗೆ ಕೊಡು. ಅಂಚೆ ಈಗ ತಡವಾಗುತ್ತಿರುವುದರಿಂದ ಬದಲಿ ಪಡೆಯೊಂದಿಗೆ ಹೊರಡಲಿರುವ ಲೆಫ್ಟಿನೆಂಟ್ ಕೈಯಲ್ಲಿ ಕಳಿಸುತ್ತೇನೆ. ಅವರಿಗೆ ರೈಲು ಯಾವಾಗ ಸಿಗುತ್ತದೋ.

ಯೋಖೆನ್‌ಗೆ ಬೂಟಿಗೆ ಕೊಬ್ಬು ಹಚ್ಚಿಕೊಳ್ಳಲು ಹೇಳು.

ಟೆಟ್ಟೆನ್

ಲೆಫ್ಟಿನೆಂಟ್ ಕರ್ನಲ್ ಫಾನ್ ಹಾಲ್ಬಾಖ್ ಅವರಿಗೆ
ಗ್ಲೋಗಾವ್, 18 ಆಗಸ್ಟ್ 1870

ಮಾನ್ಯರೇ,

ನನ್ನ 'ಕಾಲಾಳು ದಾಳಿಯ ಕ್ರಮ'ದ ಮೂವತ್ತನಾಲ್ಕನೆಯ ನಿಯಮವನ್ನು ಇಂದಿನಿಂದ ಹಿಂತೆಗೆದುಕೊಂಡಿದ್ದೇನೆ. ಕಾರಣ ಕೆಳಗಿದೆ.

ನಿಯಮವನ್ನು ನಕ್ಷೆಯ ಆಟದಲ್ಲಿ ನಲವತ್ತೊಂದು ಸಲ ಪರೀಕ್ಷಿಸಲಾಗಿತ್ತು. ಆ ಎಲ್ಲ ಸಲವೂ ಶತ್ರುವಿನ ಗುಂಡಿನ ಲೆಕ್ಕಕ್ಕೆ ನಮ್ಮದೇ ಬಂದೂಕಿನ ಕೋಷ್ಟಕ ಬಳಸಲಾಗಿತ್ತು. ಅಂದರೆ ನಾವು ನಲವತ್ತೊಂದು ಸಲ ನಮ್ಮ ಮೇಲೆಯೇ ದಾಳಿ ಮಾಡಿ ಗೆದ್ದೆವು. ತೀರ್ಪುಗಾರ ನಾನೇ ಆಗಿದ್ದೆ.

1868ರಲ್ಲಿ ಶಾಸ್ಪೋ ಬಂದೂಕಿನ ಪರೀಕ್ಷೆಯ ವರದಿ ನನ್ನ ಕೈಗೆ ಬಂದಿತ್ತು. ಸಾವಿರದ ಇನ್ನೂರು ಹೆಜ್ಜೆಯಲ್ಲಿ, ಒತ್ತಾಗಿ ನಿಂತ ಕಂಪನಿಯ ಅಗಲದ ಹಲಗೆಗೆ ನೂರಕ್ಕೆ ಇಪ್ಪತ್ತೇಳು ಗುಂಡು ತಗಲಿದ್ದವು. ಆಗ ನನ್ನ ಪುಸ್ತಕ ಅಚ್ಚಿನಲ್ಲಿತ್ತು. ವರದಿಯನ್ನು ನಾನು ಬಳಸಲಿಲ್ಲ.

ಇಂದು ಆ ಸಂಖ್ಯೆಗಳೊಂದಿಗೆ ಮತ್ತೆ ಆಡಿದೆ. ಆರನೆಯ ಕಂಪನಿಯ ಬಿಲ್ಲೆಯನ್ನು ಏಳುನೂರು ಹೆಜ್ಜೆಯಲ್ಲಿ ನಕ್ಷೆಯಿಂದ ಎತ್ತಬೇಕಾಯಿತು. ಮೂರು ಸಲ ಆಡಿದೆ, ಮೂರು ಸಲವೂ ಹಾಗೆಯೇ ಆಯಿತು.

ಬದಲಿ ನಿಯಮ: ಸಾವಿರದ ಇನ್ನೂರು ಹೆಜ್ಜೆಯಿಂದಲೇ ಕಂಪನಿಯನ್ನು ಅಗಲವಾಗಿ ಚದುರಿಸಬೇಕು. ಓಟ ಐವತ್ತು ಹೆಜ್ಜೆ ಮೀರಬಾರದು, ಆಮೇಲೆ ಮಲಗಬೇಕು. ಒಂದು ಗುಂಪು ಓಡುವಾಗ ಇನ್ನೊಂದು ಗುಂಡು ಹಾರಿಸಬೇಕು. ಗುಂಡು ಎಲ್ಲಿಂದ ಆರಂಭಿಸಬೇಕೆಂಬುದನ್ನು ಸ್ಥಳದಲ್ಲಿರುವ ಕ್ಯಾಪ್ಟನ್ ನಿರ್ಧರಿಸಲಿ, ಪುಸ್ತಕವಲ್ಲ.

ನನ್ನ ಮಗ ಕೆಡೆಟ್ ಯೋಖೆನ್ ನಿಮ್ಮ ಕೈಕೆಳಗಿದ್ದಾನೆ. ಅವನಿಗೆ ಹಳೆಯ ನಿಯಮ ಬಾಯಿಪಾಠವಾಗಿರುತ್ತದೆ. ಮರೆಸಿ.

ಹ್ಯೂಗೋಲ್ಡ್ ಫಾನ್ ಟೆಟ್ಟೆನ್

*

ಮ್ಯೂಸ್ ನದಿಯತ್ತ, 29 ಆಗಸ್ಟ್ 1870, ಬೆಳಿಗ್ಗೆ 5 ಗಂಟೆ

ಮಾನ್ಯ ಮೇಜರ್ ಅವರೇ,

ಬದಲಿ ಪಡೆ ಮೊನ್ನೆ ಬಂತು. ಹಾದಿಯುದ್ದಕ್ಕೂ ರೈಲು ಕಾದರಂತೆ. ಪತ್ರವನ್ನು ಕರ್ನಲ್‌ಗೆ ಕೊಟ್ಟೆ. ಅವರು ನಿಂತೇ ಓದಿದರು, ಆಮೇಲೆ ಕೂತು ಇನ್ನೊಮ್ಮೆ ಓದಿದರು. ತಾರೀಖು ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ಇಂಥ ತಣ್ಣಗಿನ ಪತ್ರ ನಾನು ಓದಿಲ್ಲ ರೀಟ್ಸ್," ಎಂದರು. "ತನ್ನ ಮೈನ ತಾನೇ ಕುಯ್ದು ತೋರಿಸಿದ ಹಾಗಿದೆ."

"ಹಾಗಾದ್ರೆ ಅಪ್ಪಣೆ ಕೊಡ್ತೀರಾ?"

"ನಿಮ್ಮ ಕಂಪನಿಗೆ ಮಾತ್ರ. ಮೂರು ದಿನದಲ್ಲಿ ಇಡೀ ಬೆಟಾಲಿಯನ್ನಿಗೆ ಕಪ್ಪೆ ಕುಣಿತ ಕಲಿಸೋಕಾಗಲ್ಲ. ನೀವು ಮಾಡಿ ತೋರಿಸಿ."

ಒಂದು ಕಂಪನಿ. ನಾಲ್ಕರಲ್ಲಿ ಒಂದು. ಎರಡು ದಿನದಿಂದ ನಡಿಗೆಯ ನಡುವಿನ ವಿಶ್ರಾಂತಿಯಲ್ಲೆಲ್ಲ ಹುಲ್ಲುಗಾವಲಲ್ಲಿ ಓಡಿಸುತ್ತಿದ್ದೇನೆ, ಮಲಗಿಸುತ್ತಿದ್ದೇನೆ. ಏಳನೆಯ ಕಂಪನಿಯವರು ಬೇಲಿಯ ಮೇಲೆ ಕೂತು ವಟಗುಟ್ಟಿ ಅಣಕಿಸುತ್ತಾರೆ. ಅವರಲ್ಲಿ ಅರ್ಧ ಜನ ಮೊನ್ನೆ ಬಂದ ಬದಲಿಯವರು, ಇನ್ನೂ ಯುದ್ಧ ಕಂಡವರಲ್ಲ.

ತಮಗೆ ನಾನು ಏನು ಬರೆಯಬೇಕಿತ್ತೋ ಅದನ್ನು ಇನ್ನೂ ಬರೆದಿಲ್ಲ. ಮುಂದಿನ ಯುದ್ಧ ಮುಗಿಯಲಿ.

ರೀಟ್ಸ್

*

ಸೆಡಾನ್ ಬಳಿ, 3 ಸೆಪ್ಟೆಂಬರ್ 1870, ಮಧ್ಯಾಹ್ನ 12 ಗಂಟೆ

ಮಾನ್ಯ ಮೇಜರ್ ಅವರೇ,

ಮೊದಲು ಸಂಖ್ಯೆಗಳು. ಒಂದನೆಯ ತಾರೀಖು ದಿಬ್ಬವೊಂದರ ಮೇಲೆ ದಾಳಿ. ಆರನೆಯ ಕಂಪನಿ ಹೊಸ ನಿಯಮದಂತೆ ಹೋಯಿತು. 196 ಜನರಲ್ಲಿ ಸತ್ತವರು, ಗಾಯಗೊಂಡವರು ಸೇರಿ 23. ಏಳನೆಯ ಕಂಪನಿ ನನ್ನ ಬಲಕ್ಕೆ, ಹಳೆಯ ನಿಯಮದಂತೆ ಹೋಯಿತು. 190ರಲ್ಲಿ 104. ನಾನು ಮಲಗಿದ್ದಲ್ಲಿಂದ ಅವರನ್ನು ನೋಡಿದೆ. ಬೇಲಿಯ ಮೇಲೆ ಕೂತು ಅಣಕಿಸಿದವರು. ಕೊನೆಯಲ್ಲಿ ಯಾರೋ ಒಬ್ಬ "ನಾವೂ ಮಲಗೋಣ್ವಾ?" ಎಂದು ನಮ್ಮ ಕಡೆಗೇ ಕೂಗಿ ಕೇಳಿದ.

ಕರ್ನಲ್ ಹಾಲ್ಬಾಖ್ ತೋಳಿಗೆ ಗುಂಡು ತಗಲಿ ಆಸ್ಪತ್ರೆಯಲ್ಲಿದ್ದಾರೆ. ಹೋಗುವ ಮುನ್ನ ಇಡೀ ಬೆಟಾಲಿಯನ್ನಿಗೆ ಹೊಸ ನಿಯಮದ ಆಜ್ಞೆ ಬರೆಸಿದರು. ತಾವು ಬರೆದ ಪುಸ್ತಕದಿಂದ ಮೂವತ್ತನಾಲ್ಕನೆಯ ನಿಯಮದ ಪುಟವನ್ನು ಹರಿದು ನನ್ನ ಕೈಯಲ್ಲಿಟ್ಟರು.

ಈಗ ನಾನು ಬರೆಯಬೇಕಾದದ್ದು.

ತಮ್ಮ ಮಗ ಯೋಖೆನ್ ಆಗಸ್ಟ್ ಆರರಂದು ಮಧ್ಯಾಹ್ನ ಎರಡು ಗಂಟೆಗೆ ಸತ್ತ. ನಾನು ಎಂಟರಂದು ತಮಗೆ ಬರೆದಾಗ ಅವನನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು.

ಅವನು ತನ್ನ ಸಾಲಿನ ಮುಂದಿದ್ದ. ಕುಬಿಟ್ಸ್ ಹೆಜ್ಜೆ ಎಣಿಸುತ್ತಿದ್ದವನು ಗಂಟಲಿಗೆ ಗುಂಡು ತಗಲಿ ಬಿದ್ದ. ಆಮೇಲೆ ಎಣಿಕೆ ಯೋಖೆನ್ ಮುಂದುವರಿಸಿದ. ಯಾರೂ ಹೇಳಿರಲಿಲ್ಲ. ಒಮ್ಮೆ ನನ್ನ ಕಡೆ ತಿರುಗಿ, "ಕ್ಯಾಪ್ಟನ್ ಸಾಹೇಬ್ರೇ, ಇನ್ನೂ ಮುನ್ನೂರಿಪ್ಪತ್ತು ಹೆಜ್ಜೆ ಇದೆ, ಆಮೇಲೆ ಹೊಡೀಬಹುದು ಅಲ್ವಾ?" ಎಂದ. ನಾನು "ಹೂಂ" ಎಂದೆ. ಅದೇ ಜಾಗದಲ್ಲಿ ಬಿದ್ದ. ಎದೆಗೆ ತಗಲಿತ್ತು, ಹೆಚ್ಚು ಹೊತ್ತು ಬದುಕಲಿಲ್ಲ. ಹಗ್ಗದಲ್ಲಿ ಅಳೆದೆ, ಗೋಡೆಗೆ ಏಳುನೂರ ಇಪ್ಪತ್ತು ಹೆಜ್ಜೆ. ಅವನ ಎಣಿಕೆ ಒಂದು ಹೆಜ್ಜೆಯೂ ತಪ್ಪಿರಲಿಲ್ಲ.

ತಮಗೆ ಏಕೆ ಹೇಳಲಿಲ್ಲ ಎಂಬುದನ್ನು ಹೇಳುತ್ತೇನೆ. ಏಳರಂದು ಕರ್ನಲ್ ಬಳಿ, ಮೇಜರ್ ಅವರಿಂದಲೇ ಬರೆಸಿ ತರುತ್ತೇನೆ ಎಂದಿದ್ದೆ. ಅವರು, "ಮಗನ್ನ ಕಳ್ಕೊಂಡ ಅಪ್ಪ ಬರೆಯೋದು ಯುದ್ಧತಂತ್ರ ಅಲ್ಲ, ಅಳು. ಅಂಥ ಕಾಗದ ತಂದ್ರೆ ನಾನು ಓದೋದೂ ಇಲ್ಲ" ಎಂದರು. ಆದ್ದರಿಂದ ತಮಗೆ ಗೊತ್ತಾಗುವ ಮೊದಲು ತಮ್ಮಿಂದ ಪತ್ರ ಬರೆಸಬೇಕಿತ್ತು. ಸತ್ತವರ ಪಟ್ಟಿ ಗ್ಲೋಗಾವ್ ತಲುಪುವ ಮೊದಲು. ತಮ್ಮ ಪತ್ರದ ಕೊನೆಯ ಸಾಲು ಓದಿ ಕರ್ನಲ್, "ಅಯ್ಯೋ, ಇವ್ರಿಗಿನ್ನೂ ಗೊತ್ತಿಲ್ಲ. ನೀವಿನ್ನೂ ಬರ್ದಿಲ್ವಾ ರೀಟ್ಸ್?" ಎಂದರು. ಆಮೇಲೆಯೇ ನಂಬಿದರು. ಮಗ ಸತ್ತದ್ದು ಗೊತ್ತಿದ್ದವನು ಇಷ್ಟು ತಣ್ಣಗೆ ಬರೆಯಲಾರ ಎಂದರು.

ಬದುಕಿದ್ದಾನೆಂದು ನಂಬಿಸಿ ತಮ್ಮ ಕೈಯಿಂದ ಪತ್ರ ಬರೆಸಿಕೊಂಡೆ. ಕ್ಯಾಪ್ಟನ್ನಿನ ಕರ್ತವ್ಯ ಮಾಡಲಿಲ್ಲ. ಕ್ಷಮೆ ಕೇಳುವ ಮುಖ ನನಗಿಲ್ಲ.

ಆನ್ಸೆಲ್ಮ್ ರೀಟ್ಸ್

*

ಗ್ಲೋಗಾವ್, 9 ಸೆಪ್ಟೆಂಬರ್ 1870, ಶುಕ್ರವಾರ, ಸಂಜೆ 4 ಗಂಟೆ

ಪ್ರಿಯ ಆನ್ಸೆಲ್ಮ್,

ನೀನು ನನ್ನನ್ನು ವಂಚಿಸಲಿಲ್ಲ. ಕೆಳಗಿನದನ್ನು ಓದಿ, ಪತ್ರವನ್ನು ಇಟ್ಟುಕೊ. ಯುದ್ಧ ಮುಗಿದ ಮೇಲೆ ಅಧಿಕಾರಿಗಳ ನಡತೆ ವಿಚಾರಿಸುವ ಮರ್ಯಾದಾ ಮಂಡಳಿ ಕೇಳಿದರೆ ತೋರಿಸು. ಕೇಳದಿದ್ದರೆ ನಾನೇ ಹೋಗಿ ಹೇಳುತ್ತೇನೆ.

ನಿನ್ನ ಹದಿನೈದರ ಪತ್ರ ನನಗೆ ಬಂದದ್ದು ಆಗಸ್ಟ್ ಹತ್ತೊಂಬತ್ತಕ್ಕೆ. ಓದಿದೆ. ಹಗ್ಗ ಹಿಡಿದು ಅಳೆದೆ ಎಂದು ನೀನು ಬರೆದದ್ದನ್ನೂ ಓದಿದೆ. ನಕ್ಷೆ ಹಾಸಲಿಲ್ಲ. ಪತ್ರವನ್ನು ಡ್ರಾಯರಿಗೆ ಹಾಕಿದೆ. ಅದೇ ಡ್ರಾಯರಿನಲ್ಲಿ ಅರವತ್ತೆಂಟರ ಪರೀಕ್ಷೆಯ ವರದಿ ಎರಡು ವರ್ಷದಿಂದ ಇತ್ತು. ಎರಡಕ್ಕೂ ಸೇರಿಸಿ ಬೀಗ ಹಾಕಿದೆ.

ಇಪ್ಪತ್ತೊಂದು ಭಾನುವಾರ. ಚರ್ಚು ಬಿಟ್ಟ ಮೇಲೆ ಪುರಭವನದ ಗೋಡೆಗೆ ಪಟ್ಟಿ ಅಂಟಿಸಿದ್ದರು. ನನಗೆ ಹತ್ತಿರ ಹೋಗಲಾಗಲಿಲ್ಲ, ಅಷ್ಟು ಜನ. ಫ್ರಾವ್ ನೀಕಿಷ್ ಮೊಣಕೈಯಿಂದ ದಾರಿ ಮಾಡಿಕೊಂಡು ಒಳಗೆ ಹೋದಳು. ಅವಳಿಗೆ ಓದಲು ಬರುವುದು ಸ್ವಲ್ಪ, ಆದರೆ ಆ ಹೆಸರು ಅವಳಿಗೆ ಓದಲು ಬರುತ್ತದೆ. ಹೊರಗೆ ಬಂದಳು. ನನ್ನ ತೋಳು ಹಿಡಿದು ಮನೆಗೆ ಕರೆತಂದಳು. ಅಡುಗೆಮನೆಯಲ್ಲಿ ಕೂತ ಮೇಲೆ ಒಂದೇ ಮಾತು ಕೇಳಿದಳು: "ಕ್ಯಾಪ್ಟನ್ ಬರ್ದೇ ಬರೀತಾನೆ ಅಂದಿದ್ರಲ್ಲ ಮೇಜರ್ರೇ?"

ಆಗ ನಿನ್ನ ಮೌನ ನನಗೆ ಅರ್ಥವಾಯಿತು. ನಿನ್ನಂಥವನು ಆ ಪತ್ರ ಬರೆಯದಿರಲು ಒಂದೇ ಕಾರಣ ಇರಲು ಸಾಧ್ಯ. ಹಾಲ್ಬಾಖ್‌ನ ಜಾಗದಲ್ಲಿ ನಾನಿದ್ದರೂ ಮಗ ಸತ್ತ ಅಪ್ಪನ ಮಾತು ಕೇಳುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಡ್ರಾಯರಿನ ಬೀಗ ತೆಗೆದೆ. ನಕ್ಷೆ ಹಾಸಿದೆ. ಬಿಲ್ಲೆಯನ್ನು ಮೂರು ಸಲ ಎತ್ತಿದೆ. ಏಳುನೂರು ಎಂದು ಬಂತು. ಅವನು ಎಲ್ಲಿ ಬಿದ್ದನೆಂದು ನೀನು ಬರೆಯುವ ಹದಿಮೂರು ದಿನ ಮೊದಲೇ ನನಗೆ ಆ ಜಾಗ, ಇಪ್ಪತ್ತು ಹೆಜ್ಜೆ ಆಚೀಚೆ, ಗೊತ್ತಿತ್ತು. ಆಮೇಲೆ ಕೂತು ಎರಡು ಪತ್ರ ಬರೆದೆ, ಪಟ್ಟಿ ಬರುವ ಮೊದಲೇ ಬರೆದಂತೆ ಕಾಣಲೆಂದು ಮೇಲೆ 18, ಗುರುವಾರ ಎಂದು ಹಾಕಿದೆ. ಅಂಚೆಗೆ ಹಾಕಿದರೆ ಮುದ್ರೆ ಬೀಳುತ್ತದೆಂದು ಮರುದಿನ ಹೊರಟ ಲೆಫ್ಟಿನೆಂಟ್ ಕೈಯಲ್ಲಿ ಕೊಟ್ಟೆ. ಒಳಗಿನ ತಾರೀಖು ಅವನಿಗೆ ಗೊತ್ತಿಲ್ಲ. ಬೂಟಿಗೆ ಕೊಬ್ಬು ಹಚ್ಚಲು ಹೇಳು ಎಂದು ಬರೆಯುವಾಗ ಅಕ್ಷರ ಸೊಟ್ಟಗಾಯಿತು. ಆ ಹಾಳೆ ಹರಿದು ಇನ್ನೊಂದರಲ್ಲಿ ಬರೆದೆ.

ಹಾಲ್ಬಾಖ್ ಹೇಳಿದ್ದರಲ್ಲಿ ಒಂದು ಮಾತು ತಪ್ಪು. ಅದು ಮಗ ಸತ್ತ ಅಪ್ಪನದೇ ಪತ್ರ. ಪಟ್ಟಿ ನೋಡದಿದ್ದರೆ ನಾನು ಅದನ್ನು ಬರೆಯುತ್ತಲೇ ಇರಲಿಲ್ಲ. ತೊಂಬತ್ತೇಳು ಜನರ ಲೆಕ್ಕ ನೀನು ಕಳಿಸಿದೆ, ನಾನು ಅಂತರ ಎಂಬತ್ತು ಹೆಜ್ಜೆ ಇತ್ತೇ ಎಂದು ಕೇಳಿದೆ. ಒಬ್ಬನ ಹೆಸರು ಗೋಡೆಯ ಮೇಲೆ ಬಂತು, ಒಂದು ಗಂಟೆಯೊಳಗೆ ನಿಯಮ ಬದಲಾಯಿತು. ನೀನು ಎಂಟರಂದೇ ಹೇಳಿದ್ದರೆ ಹನ್ನೆರಡಕ್ಕೇ ಬರೆಯುತ್ತಿದ್ದೆ. ಆಗ ಇಡೀ ಬೆಟಾಲಿಯನ್ನಿಗೆ ಕಲಿಸಲು ನಿನಗೆ ಎರಡು ವಾರ ಸಿಗುತ್ತಿತ್ತು, ಏಳನೆಯ ಕಂಪನಿಗೂ. ಇದನ್ನು ನಿನ್ನ ಮೇಲೆ ಹೊರಿಸಲು ಹೇಳುತ್ತಿಲ್ಲ. ನಾನು ಎಂಥ ಮನುಷ್ಯನೆಂದು ನಿನಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ಪುಸ್ತಕದ ಪ್ರಕಾಶಕರಿಗೆ ಬರೆದಿದ್ದೇನೆ, ಉಳಿದ ಪ್ರತಿಗಳನ್ನು ಮಾರಬಾರದು. ಬೇರೆ ರೆಜಿಮೆಂಟುಗಳಿಗೆ ಹೋದ ಪ್ರತಿಗಳು ಎಷ್ಟೆಂದು ಅವರಿಗೂ ಗೊತ್ತಿಲ್ಲ. ದಿನಕ್ಕೆ ಹತ್ತು ಪತ್ರ ಬರೆಯುತ್ತಿದ್ದೇನೆ. ಉತ್ತರ ಬಂದಿರುವುದು ಎರಡಕ್ಕೆ. ಒಂದರಲ್ಲಿ, ದುಃಖದಲ್ಲಿರುವಿರಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದಿದೆ.

ಫ್ರಾವ್ ನೀಕಿಷ್‌ಗೆ ನಿನ್ನ ಪತ್ರ ಓದಿ ಹೇಳಿದೆ. ಎಣಿಕೆ ಮುಂದುವರಿಸಿದ ಭಾಗ ಬಂದಾಗ ಅವಳು ಒಲೆಯ ಕಡೆ ತಿರುಗಿ, "ಚಿಕ್ಕವನಿದ್ದಾಗ ಮೆಟ್ಟಿಲು ಹತ್ತೋವಾಗ್ಲೂ ಎಣಿಸ್ತಿದ್ದ. ನಿಮ್ಮಿಂದ ಕಲ್ತದ್ದು" ಎಂದಳು. ಬೈಗುಳವಲ್ಲ. ಹಾಗೆಂದು ಸಮಾಧಾನವೂ ಅಲ್ಲ.

ಮೂವತ್ತು ವರ್ಷದಲ್ಲಿ ನಾನು ಬರೆದ ಸುಳ್ಳು ತಾರೀಖು ಅದೊಂದೇ. ನಾನು ಸೈನ್ಯಕ್ಕೆ ಕೊಟ್ಟ ಸರಿಯಾದ ನಿಯಮವೂ ಅದರ ಕೆಳಗಿದ್ದದ್ದು ಒಂದೇ.

ಈ ಪತ್ರದ ಮೇಲಿರುವ ತಾರೀಖು ನಿಜ. ಗಂಟೆಯೂ ನಿಜ.

ಟೆಟ್ಟೆನ್